‘ಮಿಸ್ಸಿಂಗ್ ಹೊಡೆಯುವುದು’: ಎಂಜಿನ್ ಮಿಸ್‌ಫೈರ್‌ಗೆ ನಿಮ್ಮ ಕಡೆ ಏನಂತಾರೆ?

ಗೆಳೆಯರೇ,

ಒಂದು ಪದದ ಬಗ್ಗೆ ಕೇಳಬೇಕಿತ್ತು. ಎಂಜಿನ್ ಮಿಸ್‌ಫೈರ್‌ಗೆ, ಅಂದರೆ ಓಡುತ್ತಿರುವ ಎಂಜಿನ್ನಿನ ಸಿಲಿಂಡರಿನೊಳಗೆ ಉರಿಯಬೇಕಾದ ಇಂಧನ ಉರಿಯದೇ ಹೋಗುವುದಕ್ಕೆ, ಕನ್ನಡದಲ್ಲಿ ಏನನ್ನಬಹುದು? ನಮ್ಮ ಶಿವಮೊಗ್ಗ ಕಡೆ ಗ್ಯಾರೇಜಿನಲ್ಲಿ ‘ಗಾಡಿ ಮಿಸ್ಸಿಂಗ್ ಹೊಡೀತಿದೆ’ ಅಂತಾರೆ. ನಾನೂ ಹಾಗೇ ಅನ್ನುತ್ತೇನೆ. ಆದರೆ ಈ ಮಾತು ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿಗೆ (ಮೆಕ್ಯಾನಿಕ್‌ಗೆ ಹೋಗುವ ಕೆಲಸದ ಚೀಟಿಗೆ) ಇಳಿಯುವಷ್ಟರಲ್ಲಿ ಬೇರೇನೋ ಆಗಿ, ನಾನು ಎರಡು ತಿಂಗಳು ಸುಮ್ನೆ ಓಡಾಡಿದೆ.

ನನ್ನದು ನಾಲ್ಕು ಸಿಲಿಂಡರಿನ ಹಳೇ ಪೆಟ್ರೋಲ್ ಕಾರು. ಸಿಗ್ನಲ್ಲಿನಲ್ಲಿ ನಿಂತರೆ ಸ್ಟೇರಿಂಗ್ ನಡುಗುತ್ತಿತ್ತು, ಪಕ್ಕದಲ್ಲಿಟ್ಟ ಬಾಟಲಿಯ ನೀರು ಅಲುಗುತ್ತಿತ್ತು. ಸೈಲೆನ್ಸರಿನ ಹಿಂದೆ ಅಂಗೈ ಹಿಡಿದರೆ ಹೊಗೆ ಒಂದೇ ಸಮ ಬರದೆ ಪುಸ್ ಪುಸ್ ಪುಸ್ ಅಂತ ಬಂದು ನಡುವೆ ಒಂದು ತಪ್ಪುತ್ತಿತ್ತು. ಸರ್ವಿಸ್ ಸೆಂಟರಿನಲ್ಲಿ ‘ಮಿಸ್ಸಿಂಗ್ ಹೊಡೀತಿದೆ’ ಅಂದೆ. ಅಲ್ಲಿನ ಅಡ್ವೈಸರ್ ‘ಅಂದ್ರೆ ಪಿಕಪ್ ಇಲ್ವಾ ಸರ್?’ ಅಂದರು. ಪಿಕಪ್ಪೂ ಕಡಿಮೆಯಾಗಿತ್ತು, ಹೌದು ಅಂದುಬಿಟ್ಟೆ. ಕಾರ್ಡಿನಲ್ಲಿ ಬಿದ್ದದ್ದು ‘ಪಿಕಪ್ ಕಡಿಮೆ’ ಅಂತ ಮಾತ್ರ. ಥ್ರಾಟಲ್ ಬಾಡಿ ತೊಳೆದರು, ಏರ್ ಫಿಲ್ಟರ್ ಬದಲಿಸಿದರು, ಬಿಲ್ ಕೊಟ್ಟರು. ಎರಡನೇ ಸಲ ‘ಜರ್ಕ್’ ಅಂತ ಬರೆದುಕೊಂಡು ಕ್ಲಚ್ ನೋಡಿದರು. ಮೂರನೇ ಸಲ ರಿಂಗ್ ರೋಡಿನಲ್ಲಿ ಒಂದು ಟ್ರಯಲ್ ಹೋಗಿ ಬಂದು ‘ನಾರ್ಮಲ್ ಇದೆ ಸರ್’ ಅಂದರು. ನಿಂತಾಗ ನಡುಗುವ ಗಾಡಿಯನ್ನು ಓಡಿಸಿ ನೋಡಿದರೆ ಏನು ಸಿಗುತ್ತೆ? ನನಗೆ ನಿಜಕ್ಕೂ ಸಿಟ್ಟು ಬಂತು. ಕಾರ್ಡಿನಲ್ಲಿ ಇದ್ದದ್ದನ್ನು ಮೆಕ್ಯಾನಿಕ್ ಮಾಡಿದ್ದಾನೆ, ನಾನು ಹೇಳಿದ್ದು ಅವನನ್ನು ಮುಟ್ಟಿಯೇ ಇರಲಿಲ್ಲ.

ಕೊನೆಗೆ ನಮ್ಮ ಬೀದಿಯ ಮೆಕ್ಯಾನಿಕ್ ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಸ್ಕ್ಯಾನರ್ ಹಾಕಿದರು. ಪಿ0303 ಅಂತ ಮಿಸ್‌ಫೈರ್ ಕೋಡ್ ಬಂತು. ಕೊನೆಯ 3 ಅಂದರೆ ಮೂರನೇ ಸಿಲಿಂಡರ್. ಪಿ0300 ಬಂದಿದ್ದರೆ ಇಂಥದ್ದೇ ಸಿಲಿಂಡರ್ ಅಂತ ಹೇಳಲಾಗದೆ ಅಲ್ಲೊಮ್ಮೆ ಇಲ್ಲೊಮ್ಮೆ ತಪ್ಪುತ್ತಿದೆ ಅಂತ. ಮೂರನೆಯದರ ಇಗ್ನಿಷನ್ ಕಾಯಿಲ್ (ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವ ಭಾಗ) ಬಿಚ್ಚಿ ಒಂದನೆಯದಕ್ಕೆ ಹಾಕಿದರು, ಒಂದನೆಯದ್ದನ್ನು ಮೂರಕ್ಕೆ. ಕೋಡ್ ಅಳಿಸಿ ಒಂದು ಸುತ್ತು ಹೋಗಿ ಬಂದೆವು. ಈ ಸಲ ಪಿ0301! ಕಾಯಿಲ್ ಹೋದಲ್ಲಿಗೇ ತೊಂದರೆಯೂ ಹೋಗಿತ್ತು. ಕೋಡ್ ಮೂರರಲ್ಲೇ ಉಳಿದಿದ್ದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಅಂತ ಮುಂದೆ ನೋಡಬೇಕಿತ್ತು. ಅರ್ಧ ಗಂಟೆಯ ಕೆಲಸ.

ಈಗ ಪದಕ್ಕೆ ಬರೋಣ.

‘ಮಿಸ್‌ಫೈರ್’ ಅಂತಲೇ ಬಿಟ್ಟರೆ ಒಂದು ತೊಡಕಿದೆ. ನಮ್ಮ ಪತ್ರಿಕೆಗಳಲ್ಲಿ ‘ಬಂದೂಕು ಮಿಸ್‌ಫೈರ್ ಆಗಿ ಗಾಯ’ ಅಂತ ಬರುತ್ತೆ. ಅಲ್ಲಿ ಹಾರಬಾರದ ಗುಂಡು ಹಾರಿದೆ. ಎಂಜಿನ್ನಿನಲ್ಲಿ ಇದು ಪೂರ್ತಿ ಉಲ್ಟಾ, ಉರಿಯಬೇಕಾದದ್ದು ಉರಿದಿಲ್ಲ. ನಿಜ ಹೇಳಬೇಕೆಂದರೆ ಕುದುರೆ (ಟ್ರಿಗರ್) ಎಳೆದರೂ ಈಡು ಹಾರದೇ ಇರುವುದೇ ಬಂದೂಕಿನ ಮಿಸ್‌ಫೈರ್ ಕೂಡ. ಕನ್ನಡ ಓದುಗರ ತಲೆಯಲ್ಲಿ ಮಾತ್ರ ಮೊದಲಿನ ಅರ್ಥವೇ ಕೂತಿದೆ.

‘ಕಿಡಿತಪ್ಪು’ ಅಂತ ಒಬ್ಬ ಗೆಳೆಯ ಹೇಳಿದ. ಕೇಳಲು ಚೆನ್ನಾಗಿದೆ. ಆದರೆ ಕಿಡಿ ಸರಿಯಾಗಿದ್ದೂ ಪೆಟ್ರೋಲ್ ಬರದೆ ಸಿಲಿಂಡರ್ ಉರಿಯದೇ ಇರಬಹುದು. ವಾಲ್ವ್ ಸೋರಿದರೂ ಅಷ್ಟೇ. ತಪಾಸಣೆಗೆ ಮೊದಲೇ ಪದವೇ ಕಾರಣ ಹೇಳಿಬಿಟ್ಟರೆ ಮತ್ತೆ ನನಗಾದದ್ದೇ ಆಗುತ್ತೆ. ‘ಹೊತ್ತುತಪ್ಪು’ ಅಂದರೆ ವೇಳೆ ತಪ್ಪಿತು ಅನ್ನಿಸುತ್ತೆ, ಟೈಮಿಂಗ್ ದೋಷ ಬೇರೆಯೇ ಇದೆ. ‘ದಹನ ವೈಫಲ್ಯ’ ಪಠ್ಯಪುಸ್ತಕದಲ್ಲಿ ಓಕೆ, ಗ್ಯಾರೇಜಿನಲ್ಲಿ ಯಾರೂ ಬಾಯಿಬಿಟ್ಟು ಹೇಳಲ್ಲ.

ನನಗೆ ಹಿಡಿಸಿದ್ದು ‘ಉರಿ ತಪ್ಪು’. ತಾಳ ತಪ್ಪಿತು, ಆಯ ತಪ್ಪಿತು, ಎಚ್ಚರ ತಪ್ಪಿತು ಅಂತೀವಲ್ಲ, ಅದೇ ಜಾಡು. ಗಾಡಿ ನಿಂತು ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಐಡ್ಲಿಂಗ್ ಇದ್ದಾಗ ಒಂದೊಂದು ಸಿಲಿಂಡರ್ ನಿಮಿಷಕ್ಕೆ 400 ಸಲ ಉರಿಯಬೇಕು, ಎರಡು ಸುತ್ತಿಗೊಮ್ಮೆ. ಆ ಲಯದಲ್ಲಿ ಒಂದು ಬಿಟ್ಟುಹೋಗುವುದನ್ನು ‘ತಪ್ಪು’ ಸರಿಯಾಗಿ ಹಿಡಿಯುತ್ತೆ. ‘ಮೂರನೇ ಸಿಲಿಂಡರ್ ಉರಿ ತಪ್ಪುತ್ತಿದೆ’ ಅಂದರೆ ಮೆಕ್ಯಾನಿಕ್‌ಗೂ ಅರ್ಥವಾಗುತ್ತೆ, ನಮ್ಮಮ್ಮನಿಗೂ ಅರ್ಥವಾಗುತ್ತೆ. ‘ಮಿಸ್ಸಿಂಗ್ ಹೊಡೆ’ ಹೋಗಲಿ ಅಂತ ನಾನು ಹೇಳುತ್ತಿಲ್ಲ. ಗೊರಕೆ ಹೊಡೆ, ವಾಸನೆ ಹೊಡೆ ಇದ್ದ ಹಾಗೆ ಅದೂ ಈಗ ನಮ್ಮದೇ ಮಾತು. ಜರ್ಕ್, ಪಿಕಪ್ ಜೊತೆ ಅದು ಕಲಸಿಹೋಗಿದೆ, ಅದೇ ನನ್ನ ಚಿಂತೆ.

ಇನ್ನೊಂದು. ಚೆಕ್ ಎಂಜಿನ್ ಲೈಟಿನ ಬಗ್ಗೆ ಸರ್ವಿಸ್ ಸೆಂಟರಿನವರು ‘ಲೈಟ್ ಬರುತ್ತಾ?’ ಅಂತ ಕೇಳಿದ್ದರು, ಬರುತ್ತೆ ಅಂದಿದ್ದೆ. ಆ ಲೈಟ್ ಒಂದೇ ಸಮ ಉರಿಯುವುದೇ ಬೇರೆ, ಮಿಟುಕುವುದೇ ಬೇರೆ. ಮಿಟುಕಿದರೆ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ (ಹೊಗೆಯ ವಿಷ ಕಡಿಮೆ ಮಾಡುವ ಭಾಗಕ್ಕೆ) ಹೋಗಿ ಅಲ್ಲಿ ಉರಿದು, ಅದು ಕಾದು ಹಾಳಾಗುವಷ್ಟು ಜೋರಿದೆ ಅಂತ. ಅಂಥ ಗಾಡಿಯನ್ನು ಜಾಸ್ತಿ ಓಡಿಸಬಾರದು. ನಮ್ಮಲ್ಲಿ ಎರಡಕ್ಕೂ ಬೇರೆ ಬೇರೆ ಪದ ಇದ್ದರೂ ಕೇಳಿದವರೂ ಬಳಸಲಿಲ್ಲ, ನಾನೂ ಬಳಸಲಿಲ್ಲ.

ಹುಬ್ಬಳ್ಳಿ, ಕಲಬುರಗಿ ಕಡೆ ಗ್ಯಾರೇಜಿನಲ್ಲಿ ಇದಕ್ಕೆ ಏನಂತಾರೆ? ಮಂಗಳೂರು, ಮಲ್ಪೆಯ ದೋಣಿ ಎಂಜಿನ್ ನೋಡಿಕೊಳ್ಳುವವರು? ಪಂಪ್‌ಸೆಟ್, ಟಿಲ್ಲರ್ ಇಟ್ಟುಕೊಂಡವರ ಬಾಯಲ್ಲಿ ಹಳೇ ಮಾತು ಇರಲೇಬೇಕು ಅಂತ ನನ್ನ ನಂಬಿಕೆ. ಹಾಗೇ ಕೊಡಗಿನವರು, ಮಲೆನಾಡಿನವರು ಯಾರಾದರೂ ಇದ್ದರೆ, ಕೋವಿಯ ಕುದುರೆ ಎಳೆದರೂ ಈಡು ಹಾರದಿದ್ದರೆ ನಿಮ್ಮ ಮನೆಯಲ್ಲಿ ಹಿರಿಯರು ಏನನ್ನುತ್ತಿದ್ದರು, ಅದನ್ನೂ ತಿಳಿಸಿ.