ಅಪ್‌ಡೇಟ್: ಜೋಳದ ಡಬ್ಬಿಯ ಬೂದು ಪತಂಗಗಳು

ಎರಡು ತಿಂಗಳ ಹಿಂದೆ ಕೇಳಿದ್ದೆ: ಸಿಂಧನೂರಿನ ನಮ್ಮ ಮನೆಯಲ್ಲಿ ಜೋಳ ಬಲೆ ಹಿಡಿದು ಗಂಟುಗಟ್ಟಿದೆ, ಸಂಜೆ ಬೂದು ಪತಂಗಗಳು ಹಾರುತ್ತವೆ, ಏನು ಮಾಡಲಿ ಎಂದು. ಅಕ್ಕಿ ಪತಂಗವೆಂದು ಗುರುತಿಸಿದವರಿಗೆ ಧನ್ಯವಾದ.

ಹಾರುವವುಗಳ ಬೆನ್ನು ಹತ್ತಿದ್ದೇ ನನ್ನ ತಪ್ಪು. ಬೆಳೆದ ಪತಂಗ ಕಾಳು ತಿನ್ನುವುದೇ ಇಲ್ಲ. ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ತಿನ್ನುವುದೂ ಬಲೆ ನೇಯುವುದೂ ಅದರ ಮರಿಹುಳು. (ಇದೇ ಪತಂಗವನ್ನು ಪ್ರಯೋಗಾಲಯಗಳಲ್ಲಿ ಬೇಕೆಂದೇ ಸಾಕುತ್ತಾರಂತೆ, ಅದರ ಮೊಟ್ಟೆಯ ಮೇಲೆ ಬೆಳೆಯುವ, ಬೆಳೆಯ ಕೀಟಗಳನ್ನು ಹತೋಟಿಗೆ ತರುವ ಟ್ರೈಕೋಗ್ರಾಮ ಎಂಬ ಪುಟ್ಟ ಕಣಜದ ಹುಳುಗಳಿಗಾಗಿ. ನಾನು ಪುಕ್ಕಟೆ ಸಾಕಿದೆ!)

ಗಂಟಾದದ್ದನ್ನು ಎಸೆದು, ಉಳಿದ ಜೋಳವನ್ನು ಜರಡಿ ಹಿಡಿದು, ಮಾಳಿಗೆಯ ಮೇಲೆ ತೆಳುವಾಗಿ ಹರವಿ ಒಣಗಿಸಿದೆವು. ರವೆ, ಶೇಂಗಾ ಒಂದು ವಾರ ಫ್ರೀಜರ್‌ನಲ್ಲಿದ್ದವು. ಆದರೂ ಹತ್ತನೇ ದಿನ ಮತ್ತೆರಡು ಪತಂಗ. ಹುಡುಕಿದರೆ, ಮುಚ್ಚಳದ ತಿರುಪಿನಲ್ಲಿ, ಕಪಾಟಿನ ಸಂದಿಯಲ್ಲಿ ಬಿಳಿ ಗೂಡುಗಳು! ಹಳೆಯ ಟೂತ್‌ಬ್ರಷ್‌ನಿಂದ ಎಲ್ಲವನ್ನೂ ಕೆರೆದು ತೆಗೆದೆ.

ಗೋದಾಮುಗಳಲ್ಲಿ ಕಾಳಿನ ಹುಳು ಕೊಲ್ಲಲು ಇಡುವ ಮಾತ್ರೆ ಇಡಿ ಎಂದು ಪಕ್ಕದ ಮನೆಯವರು ಹೇಳಿದ್ದರು. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಮನುಷ್ಯರನ್ನೂ ಕೊಲ್ಲುತ್ತದೆ, ಮನೆಯೊಳಗೆ ಖಂಡಿತ ಬೇಡ.

ಒಂದು ತಿಂಗಳಿಂದ ಒಂದೂ ಕಂಡಿಲ್ಲ. ಅದೆಲ್ಲ ತಾವು ಹಾಕಿದ ಬೇವಿನ ಎಲೆಯ ಮಹಿಮೆ ಎನ್ನುತ್ತಾರೆ ಅತ್ತೆ. ನಾನು ವಾದಿಸಲು ಹೋಗಿಲ್ಲ.