ಸಹಾಯ ಬೇಕು: ಮಳೆಗಾಲದಲ್ಲಿ ಹೊಸಬರಿಗೆ ಚಕ್ರ ಎಸೆತ (ಡಿಸ್ಕಸ್ ಥ್ರೋ) ಕಲಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪ ಕಡೆಯ ಹೈಸ್ಕೂಲ್ ಮಕ್ಕಳಿಗೆ 1 ಕೆಜಿ ರಬ್ಬರ್ ಡಿಸ್ಕಸ್‌ನಲ್ಲಿ ಕಲಿಸುತ್ತಿದ್ದೇವೆ. ಎಲ್ಲರೂ ಬಲಗೈಯವರು.

ಹಿಡಿತ ಸರಿಯಾಗಿದೆ: ಬೆರಳುಗಳ ತುದಿಗೆಣ್ಣು ಅಂಚಿಗೆ, ಹೆಬ್ಬೆರಳು ಚಪ್ಪಟೆ ಭಾಗದ ಮೇಲೆ. ನೆಲದಲ್ಲಿ ನೇರ ಉರುಳಿಸಿ ಉರುಳಿಸಿ, ಕೊನೆಗೆ ತೋರುಬೆರಳಿನಿಂದ ಬಿಡುವುದೂ ಬಂದಿದೆ. ಕಿರುಬೆರಳ ಕಡೆಯಿಂದ ಜಾರಿದರೆ ಡಿಸ್ಕಸ್ ಉಲ್ಟಾ ತಿರುಗಿ ಓಲಾಡುತ್ತಾ ಬೀಳುತ್ತದೆ. ಅದು ಈಗ ಅಪರೂಪ.

ತೊಂದರೆ ನಿಂತು ಎಸೆಯುವಾಗ. ಬಲ ಪಾದ ಮೊದಲು ತಿರುಗಬೇಕು, ನಂತರ ಸೊಂಟ, ಎದೆ, ಕಟ್ಟಕಡೆಗೆ ಕೈ. ಇವರಿಗೆ ಕೈಯೇ ಮುಂದಾಗುತ್ತದೆ. ಬಲ ಹಿಮ್ಮಡಿ ನೆಲಕ್ಕಂಟಿ ಸೊಂಟ ಹಿಂದುಳಿಯುತ್ತದೆ, ಹಾಗಾಗಿ ಎಸೆತಕ್ಕೆ ಭುಜದ ಬಲ ಮಾತ್ರ ಸಿಗುತ್ತದೆ. ಡಿಸ್ಕಸ್ ಇಲ್ಲದೆ ಬರೀ ಪಾದ ತಿರುಗಿಸುವ ಅಭ್ಯಾಸ ಚೆನ್ನಾಗಿ ಮಾಡುತ್ತಾರೆ. ಕೈಗೆ ಕೊಟ್ಟ ಕೂಡಲೇ ಮರೆಯುತ್ತಾರೆ. ಈ ನಡುವಿನ ಹಂತಕ್ಕೆ ಯಾವ ಅಭ್ಯಾಸ ಫಲ ಕೊಟ್ಟಿದೆ, ದಯವಿಟ್ಟು ವಿವರವಾಗಿ ಬರೆಯಿರಿ. ಇದು ರೂಢಿಯಾಗದೆ, 2.5 ಮೀಟರ್ ವೃತ್ತದೊಳಗೆ ಪೂರ್ತಿ ಸುತ್ತು ತಿರುಗಿ ಎಸೆಯುವುದಕ್ಕೆ ಹೋಗುವ ಯೋಚನೆಯೇ ಇಲ್ಲ.

ಜೂನ್‌ನಿಂದ ಮೈದಾನವೆಲ್ಲ ಕೆಸರು. ಒದ್ದೆ ಹುಲ್ಲಲ್ಲಿ ಪಾದ ಒಂದೋ ಜಾರುತ್ತದೆ, ಇಲ್ಲವೇ ಹೂತು ಮೊಣಕಾಲು ತಿರುಚುತ್ತದೆ. ಕಾಫಿ ಕಣದ ಸಿಮೆಂಟ್ ಮೇಲೆ, ಚಾವಣಿ ಹಾಕಿ, ಎದುರಿಗೆ ಹಾಕಿ ಆಟದ ಹಳೆಯ ಗೋಲ್ ನೆಟ್ ಸಡಿಲವಾಗಿ ಇಳಿಬಿಟ್ಟು ಎಸೆಯಬಹುದೇ? ನೆಟ್ ಹಿಂದೆ ಎಷ್ಟು ಜಾಗ ಬಿಟ್ಟಿದ್ದೀರಿ? ಬಿಗಿಯಾಗಿ ಕಟ್ಟಿದರೆ ಡಿಸ್ಕಸ್ ಮಕ್ಕಳತ್ತಲೇ ಪುಟಿಯುವ ಭಯವಿದೆ.

ವಿರಾಜಪೇಟೆ, ಪೊನ್ನಂಪೇಟೆ ಸುತ್ತ ಬಳಸದ 1 ಕೆಜಿ ರಬ್ಬರ್ ಡಿಸ್ಕಸ್‌ಗಳಿದ್ದರೂ ತಿಳಿಸಿ. ಬಂದು ಒಯ್ಯುತ್ತೇವೆ.