ಪದ ಬೇಕು (ಅರ್ಜೆಂಟ್): ಸ್ಕ್ರ್ಯಾಂಬ್ಲಿಂಗ್, ಡಿಸೆಂಟ್ ರೂಟ್

ಎಲ್ರಿಗೂ ನಮಸ್ಕಾರ. ಕಲ್ಲುಬೆಟ್ಟ ಹತ್ತೋರಿಗೆ ಅಂತ ಇರೋ ಒಂದು ಸಣ್ಣ ಕೈಪಿಡಿ ಕನ್ನಡಕ್ಕೆ ಮಾಡ್ತಾ ಇದೀನಿ, ಜೊತೆಗೆ ಎರಡು ಬೋರ್ಡಿನ ಬರಹ, ಅದು ನಾಳೆ ಬೆಳಗ್ಗೆ ಪೇಂಟರ್ ಕೈ ಸೇರಬೇಕು. ಎರಡು ಕಡೆ ಸಿಕ್ಕಾಕೊಂಡಿದೀನಿ.

ಮೊದಲನೇದು ಸ್ಕ್ರ್ಯಾಂಬ್ಲಿಂಗ್. ಕೈ ಬೀಸ್ಕೊಂಡು ನಡೆಯೋ ಚಾರಣಾನೂ ಅಲ್ಲ, ಹಗ್ಗ ಕಟ್ಕೊಂಡು ಮಾಡೋ ಕ್ಲೈಂಬಿಂಗೂ ಅಲ್ಲ, ಬಂಡೆನ ಕೈಯಲ್ಲಿ ಹಿಡೀದೆ ಮುಂದೆ ಹೋಗಕ್ಕಾಗಲ್ಲ ಆದ್ರೆ ಹಗ್ಗ ಸಾಮಾನ್ಯವಾಗಿ ಇರಲ್ಲ, ಅಂಥದ್ದು. ದಾರಿ ಎಷ್ಟು ಕಷ್ಟ ಅನ್ನೋ ಅಮೆರಿಕದವರ ಲೆಕ್ಕದಲ್ಲಿ 3ನೇ ದರ್ಜೆ, 5ಕ್ಕೆ ಬಂದ್ರೆ ಹಗ್ಗದ ಕ್ಲೈಂಬಿಂಗು. ಬ್ರಿಟನ್ನಿನವರು ಸ್ಕ್ರ್ಯಾಂಬ್ಲಿಂಗ್ ಒಳಗೇ 1, 2, 3 ಅಂತ ಬೇರೆ ಮಾಡ್ಕೊಂಡಿದಾರೆ. ಎರಡನೇದು ಡಿಸೆಂಟ್ ರೂಟ್, ಅಂದ್ರೆ ಹತ್ತಿದ ಮೇಲೆ ಇಳಿದು ಬರೋ ದಾರಿ. ‘ಅವರೋಹಣ ಮಾರ್ಗ’ ಅಂತ ಬರೆದೆ, ಓದಿದವರು ಸಂಗೀತದ ಪಾಠಾನಾ ಅಂತ ಕೇಳಿದ್ರು.

ಬೋರ್ಡ್ ಒಂದು ನೆತ್ತಿ ಮೇಲೆ, ಇಳಿಯೋ ದಿಕ್ಕಿಗೆ ಬಾಣದ ಗುರುತು. ಇನ್ನೊಂದು ಒಂದು ಕೊರಕಲಿನ ಬಾಯಲ್ಲಿ, ಅಲ್ಲಿಗೆ ‘ಇದು ಇಳಿಯುವ ದಾರಿ ಅಲ್ಲ’ ಅಂತ ಇಟ್ಕೊಂಡಿದೀನಿ.

*

ಹುಡುಕೋದೇ ಬೇಡ, ಪದ ಇದೆ. ಅಡರು. ಹಳಗನ್ನಡದ ಅಡರ್, 1894ರ ಕಿಟ್ಟೆಲ್ ನಿಘಂಟು ತೆಗೀರಿ, ಏರು, ಹತ್ತು ಅನ್ನೋ ಅರ್ಥ ಅಲ್ಲೇ ಇದೆ. ಸ್ಕ್ರ್ಯಾಂಬ್ಲಿಂಗಿಗೆ ಅಡರಿಕೆ, ಮಾಡೋನು ಅಡರಿಗ. ಮುಗೀತು.

ಇನ್ನು ‘ಚಾರಣ’ ಅನ್ನೋದನ್ನ ದಯವಿಟ್ಟು ಬಿಡಿ. ಸಂಸ್ಕೃತದಲ್ಲಿ ಚಾರಣ ಅಂದ್ರೆ ಊರೂರು ಸುತ್ತೋ ಹಾಡುಗಾರ, ನಮ್ಮ ಜೈನ ಕಾವ್ಯಗಳಲ್ಲಿ ಆಕಾಶದಲ್ಲಿ ಸಂಚಾರ ಮಾಡೋ ಮುನಿ. ಬೆನ್ನಿಗೆ ಚೀಲ ಹಾಕ್ಕೊಂಡು ಹೊರಟೋರಿಗೂ ಇದಕ್ಕೂ ಏನು ಸಂಬಂಧ? ಶಿಖರಾನೂ ಬೇಡ, ಕೋಡು ಅನ್ನಿ. ಮ್ಯಾಟರ್‌ಹಾರ್ನ್ ಅನ್ನೋ ಆಲ್ಪ್ಸ್ ಬೆಟ್ಟದ ಜರ್ಮನ್ ಹೆಸರಲ್ಲಿರೋ ಹಾರ್ನ್ ಅಂದ್ರೂ ಕೋಡೇ, ಮ್ಯಾಟೆ ಅಂದ್ರೆ ಹುಲ್ಲುಗಾವಲು. ಅವರಿಗೆ ತಮ್ಮ ಮಾತಲ್ಲಿ ಹೆಸರಿಡಕ್ಕೆ ನಾಚಿಕೆ ಆಗ್ಲಿಲ್ಲ.

*

> ಅಡರಿಕೆ, ಅಡರಿಗ

ಈಗಿನೋರಿಗೆ ಅಡರೋದು ಒಂದೇ, ಮೂಗಿಗೆ ವಾಸನೆ. ಆಕಾಶದಲ್ಲಿ ಹೋಗೋ ಮುನಿಗಳಿಗೆ ಇಳಿಯೋ ದಾರಿ ಬೇಕಾಗಿಲ್ಲ ಒಪ್ಪಿದೆ, ಆದ್ರೆ ಚಾರಣ ಬಳಕೇಲಿ ನಿಂತುಬಿಟ್ಟಿದೆ ಸ್ವಾಮಿ, ಪೇಪರಲ್ಲಿ ದಿನಾ ಬರುತ್ತೆ, ಈಗ ಅದನ್ನ ಯಾಕೆ ಕೀಳ್ತೀರಾ. ಬೋರ್ಡಿಗೆ ‘ಇಳಿಮಾರ್ಗ’ ಹಾಕಿ.

*

ಇಳಿಮಾರ್ಗ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದು. ಆಗಲ್ಲ.

*

ಆಗಲ್ಲ ಅನ್ನೋ ಮುಂಚೆ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನ್ನ ಪೂರ್ತಿ ಓದ್ಬೇಕು ಮೇಷ್ಟ್ರೇ. ಪೂರ್ವಪದ ಕೃದಂತ (ಕ್ರಿಯೆಯಿಂದ ಹುಟ್ಟಿದ ಪದ) ಆದ್ರೆ ಗಮಕಸಮಾಸ, ಗಮಕಕ್ಕೂ ಕ್ರಿಯಾಸಮಾಸಕ್ಕೂ ಅರಿದೋಷ ಹೇಳೋದಿಲ್ಲ. ಹುರಿಗಡಲೆ ಥರ ಇಳಿಮಾರ್ಗ. ವ್ಯಾಕರಣ ಸರಿಯಿದೆ, ಕಿವಿಗೆ ಕೂರಲ್ಲ ಅಷ್ಟೇ. ಹಂಗಾಗಿ ನನ್ನ ಓಟು ಇಳಿದಾರಿಗೆ.

*

‘ಇಳಿ’ ಮುಂದೆ ಬಂದ್ರೆ ಇಳಿವಯಸ್ಸು, ಇಳಿಹೊತ್ತು, ಎಲ್ಲಾ ಮುಗಿಯೋ ಕಡೆ ಹೊರಟ ಹಾಗೆ ಕೇಳುತ್ತೆ, ಅದನ್ನೂ ಯೋಚಿಸಿ. ಹಿಡಿಸಿದ್ರೆ ತಗೊಳ್ಳಿ ಇಲ್ಲಾಂದ್ರೆ ಬಿಡಿ.

*

ನೀವೆಲ್ಲ ಹತ್ತೋ ಪದಕ್ಕೆ ಜಗಳ ಆಡ್ತಾ ಇದೀರಿ. ಅದೇ ಮ್ಯಾಟರ್‌ಹಾರ್ನ್ ಕೋಡನ್ನ 1865ರ ಜುಲೈ 14ರಂದು ಮೊದಲ ಸಲ ಹತ್ತಿದ 7 ಜನರಲ್ಲಿ 4 ಜನ ಸತ್ತಿದ್ದು ಇಳಿಯುವಾಗ. ಒಬ್ಬರು ಜಾರಿದ್ರು, ಜೊತೆಗೆ ಮೂವರನ್ನ ಎಳ್ಕೊಂಡ್ರು, ಹಗ್ಗ ತುಂಡಾಯ್ತು. ನನಗೆ ಆ ಎರಡನೇ ಬೋರ್ಡಿನ ಮಾತೇ ಚಿಂತೆ.

ನಾನೇ ಒಂದ್ಸಲ ಹಿಂಗೇ ಒಂದು ಕೊರಕಲಿಗೆ ಇಳಿದಿದ್ದೆ, ಹತ್ತಿದ ಏಣಲ್ಲೇ ವಾಪಸ್ ಹೋಗಕ್ಕೆ ಬೇಜಾರಾಗಿ. ಮೇಲಿಂದ ನೋಡಿದ್ರೆ ಮೆಟ್ಟಿಲು ಕಡೆದಂಗಿತ್ತು. ಬೆಟ್ಟ ಉಬ್ಬಿಕೊಂಡಿರೋ ಕಡೆ ಕೆಳಗಿನ ಕಡಿದಾದ ಭಾಗ ಮೇಲೆ ನಿಂತೋನಿಗೆ ಕಾಣಲ್ಲ, ಈ ಉಬ್ಬು ದಾಟಿದ ಕೂಡಲೇ ಬಯಲು ಇದೆ ಅಂತಲೇ ಕಣ್ಣು ಹೇಳುತ್ತೆ. ಸ್ವಲ್ಪ ದೂರ ಇಳಿದ ಮೇಲೆ ಜಲ್ಲಿ ಥರ ಸಡಿಲ ಕಲ್ಲು, ಕಾಲಿಟ್ಟಲ್ಲೆಲ್ಲ ಜೊತೆಗೇ ಜಾರುತ್ತೆ, ಆಮೇಲೆ ನೀರು ಹರಿದು ಹರಿದು ನುಣ್ಣಗಾದ ಬಂಡೆ ಅಂಚು. ಒಂದು ಕಲ್ಲು ಬಿಟ್ಟೆ. ಸದ್ದು ತಡವಾಗಿ ಬಂತು. ನೀರಿಗೇನು, ಧುಮುಕಕ್ಕೆ ಭಯ ಇಲ್ಲ, ಅದರ ದಾರಿ ಹಿಡಿದೋನು ಜಲಪಾತದ ತಲೆ ಮೇಲೆ ಹೋಗಿ ನಿಲ್ತಾನೆ. ವಾಪಸ್ ಹತ್ತಿದ್ದಕ್ಕೆ ಇವತ್ತು ಟೈಪ್ ಮಾಡ್ತಾ ಇದೀನಿ. ಹತ್ತುವಾಗ ಹಿಡಿಕೆ ಕಣ್ಣ ಮುಂದೆ ಇರುತ್ತೆ, ಇಳಿಯುವಾಗ ಅದೇ ಹಿಡಿಕೆ ಪಾದದ ಕೆಳಗೆ, ಬಂಡೆ ಕಡೆ ಮುಖ ಮಾಡಿ ಕಾಲಲ್ಲಿ ತಡಕಬೇಕು. ಅದಕ್ಕೇ ಕೈಪಿಡೀಲಿ, ಇಳಿಯಕ್ಕಾಗದೇ ಇರೋ ಕಡೆ ಹತ್ತಬೇಡಿ, ಇಳಿಯೋ ದಾರಿ ಹತ್ತೋ ಮುಂಚೇನೇ ಗೊತ್ತುಮಾಡ್ಕೊಳ್ಳಿ ಅಂತ ಇರುತ್ತೆ.

ಈಗ ಬೋರ್ಡು. ‘ಇದು ಇಳಿಯುವ ದಾರಿ ಅಲ್ಲ’. ನಮ್ಮ ಭಾಷೇಲಿ ಅಲ್ಲ, ಇಲ್ಲ ಎಲ್ಲ ಕೊನೇಲಿ ಬರೋದು. ಎರಡು ಮಳೆಗಾಲ ಕಳೆದು ತುದಿ ತುಕ್ಕು ಹಿಡಿದು ‘ಅಲ್ಲ’ ಹೋಯ್ತು ಅನ್ಕೊಳ್ಳಿ, ಉಳಿಯೋದು ‘ಇದು ಇಳಿಯುವ ದಾರಿ’. ಮಂಜಲ್ಲಿ ಸುಸ್ತಾಗಿ ಬಂದೋನು ಪುಣ್ಯ ಬಂತು ಅಂತ ನೇರ ಇಳೀತಾನೆ. ಬೇಡ ಅನ್ನೋದು ಕ್ರಿಯಾಪದದ ಒಳಗೇ ಅಂಟಿರಬೇಕು, ‘ಇಳಿಯಬೇಡಿ’. ದೊಡ್ಡ ಅಕ್ಷರದಲ್ಲಿ ಇದೊಂದೇ, ಅದರ ಕೆಳಗೆ ‘ಮುಂದೆ ಪ್ರಪಾತ’. ‘ದಾರಿ’ ಅನ್ನೋ ಪದ ಆ ಬೋರ್ಡಲ್ಲಿ ಬರಲೇಬಾರದು.

ಸ್ಕ್ರ್ಯಾಂಬ್ಲಿಂಗಿಗೆ ನಾವು ಜೊತೆಯವರಿಗೆ ಹೇಳೋದು ‘ಇಲ್ಲಿಂದ ಕೈಯೂರಿ ಹತ್ತಬೇಕು’ ಅಂತ. ಕೇಳಿದ ತಕ್ಷಣ ಕೋಲು ಚೀಲಕ್ಕೆ ಸೇರಿಸ್ತಾರೆ. ನಾಮಪದ ಯಾಕೆ ಬೇಕು?

*

ಪ್ರಪಾತ ಸಂಸ್ಕೃತ. ಕಮರಿ ಇದೆ.

*

ಕಮರಿ ಅಂದ್ರೆ ಅರ್ಧ ಜನ ಫೋಟೋ ತೆಗೆಯಕ್ಕೆ ಹೋಗ್ತಾರೆ. ಹೆದರಿಸೋ ಪದ ಬೇಕಾಗಿರೋದು. ಅಚ್ಚಗನ್ನಡ ಅಂತ ಹಠ ಹಿಡಿಯೋರು ಇಂಗ್ಲಿಷಿನ ಹಣೆಬರಹನೂ ನೋಡ್ಲಿ: ಹಗ್ಗದಲ್ಲಿ ಇಳಿಯೋದಕ್ಕೆ ಅವರು ಬಳಸೋ ಎರಡು ಪದಾನೂ ಹೊರಗಿಂದ ತಂದಿದ್ದು. ರಾಪೆಲ್ ಫ್ರೆಂಚು, ವಾಪಸ್ ಕರೆಯೋದು ಅಂತ, ಇಳಿದ ಮೇಲೆ ಹಗ್ಗ ಎಳ್ಕೊಳ್ಳೋದ್ರಿಂದ. ಆಬ್‌ಸೈಲ್ ಜರ್ಮನ್ನು, ಆಬ್ ಅಂದ್ರೆ ಕೆಳಗೆ, ಸೈಲ್ ಅಂದ್ರೆ ಹಗ್ಗ. ಸಡಿಲ ಕಲ್ಲಿನ ಇಳಿಜಾರಿಗೆ ಅನ್ನೋ ಸ್ಕ್ರೀ ಹಳೇ ನಾರ್ಸ್, ಕೊರಕಲಿಗೆ ಕುಲ್ವಾರ್ ಅಂದ್ರೆ ಅದೂ ಫ್ರೆಂಚೇ. ಯಾರ ಮಾನಾನೂ ಹೋಗ್ಲಿಲ್ಲ.

*

ಅವರು ಹೊರಗಿಂದ ತಂದು ಮನೇದನ್ನೂ ಉಳಿಸ್ಕೊಂಡ್ರು, ನಾವು ತಂದ ಮೇಲೆ ಮನೇದನ್ನ ಬೀದಿಗೆ ಹಾಕ್ತೀವಿ. ವ್ಯತ್ಯಾಸ ಅದೇ. ವಾಸನೆಗೆ ಮಾತ್ರ ಉಳೀತು ಅಂತ ಅಡರು ಪದಾನ ಆಡ್ಕೊಳ್ಳೋರ ಜೊತೆ ನಾನು ವಾದ ಮಾಡಲ್ಲ.

*

ಎಲ್ರಿಗೂ ಥ್ಯಾಂಕ್ಸ್. ಈಗ ಕಳಿಸಿದ್ದು: ನೆತ್ತಿ ಬೋರ್ಡಿಗೆ ಬಾಣ ಹಾಕಿ ‘ಇಳಿಯುವ ದಾರಿ’. ಇಳಿದಾರಿ ಚೆನ್ನಾಗಿತ್ತು, ಆದ್ರೆ ಪೇಂಟರ್ ಅದನ್ನ ಎರಡು ಸಲ ‘ಇಳಿಜಾರು’ ಅಂತ ಓದಿದ, ಅಲ್ಲಿಗೆ ಕೈಬಿಟ್ಟೆ. ಕೊರಕಲಿಗೆ ‘ಇಳಿಯಬೇಡಿ, ಮುಂದೆ ಪ್ರಪಾತ’. ಕೈಪಿಡೀಲಿ ‘ಕೈಯೂರಿ ಹತ್ತುವುದು’ ಅಂತ ಇಟ್ಟು, ಮೊದಲ ಸಲ ಬಂದ ಕಡೆ ಮಾತ್ರ ಸ್ಕ್ರ್ಯಾಂಬ್ಲಿಂಗ್ ಅಂತ ಸೇರಿಸಿದೀನಿ. ಅಡರು ಹಿಡಿಸಲಿಲ್ಲ, ಕ್ಷಮೆ ಇರಲಿ ಸರ್.

ಸ್ಕ್ರೀಗೆ ಇನ್ನೂ ಪದ ಸಿಕ್ಕಿಲ್ಲ, ‘ಜಾರುಗಲ್ಲು’ ಅಂದ್ರೆ ಮಕ್ಕಳು ಜಾರೋ ಬಂಡೆ ಆಗಿಬಿಡುತ್ತೆ. ಗೊತ್ತಿದ್ದೋರು ಹೇಳಿ, ಶುಕ್ರವಾರದವರೆಗೂ ಟೈಮಿದೆ.